ಐದು ದಿನ ಕಂಡ ಹೊಗೆ: ಕರ್ನಲ್ ಫಾಸೆಟ್ ಕಾಣೆಯಾದ ಪ್ರಕರಣ

ಮೂವರು ಬಿಳಿಯರು ಪೂರ್ವಕ್ಕೆ ಹೊರಟರು. ಆ ಕಡೆ ಹೋಗಬೇಡಿ, ಅಲ್ಲಿನ ಜನ ಕೊಲ್ಲುತ್ತಾರೆ ಅಂತ ಹೇಳಿದೆವು, ಕೇಳಲಿಲ್ಲ. ಸಂಜೆ ಅವರು ಹಾಕಿದ ಬೆಂಕಿಯ ಹೊಗೆ ಮರಗಳ ಮೇಲೆ ಕಾಣಿಸುತ್ತಿತ್ತು. ಐದು ದಿನ ಕಂಡಿತು. ಆರನೇ ದಿನ ಕಾಣಲಿಲ್ಲ.

ಬ್ರೆಜಿಲ್‌ನ ಶಿಂಗು ನದಿಯ ಮೇಲ್ಭಾಗದಲ್ಲಿರುವ ಕಲಪಾಲೊ ಜನ 1925ರಲ್ಲಿ ನಡೆದದ್ದನ್ನು ಹೀಗೆ ಹೇಳುತ್ತಾರೆ. ಆ ಮೂವರಲ್ಲಿ ದೊಡ್ಡವರು ಪರ್ಸಿ ಫಾಸೆಟ್, ವಯಸ್ಸು 57. ಜೊತೆಗೆ ಅವರ ಮಗ ಜಾಕ್, 22 ವರ್ಷ. ಮೂರನೆಯವನು ಜಾಕ್‌ನ ಬಾಲ್ಯದ ಗೆಳೆಯ ರ‍್ಯಾಲಿ ರಿಮೆಲ್. ಮೂವರೂ ಮತ್ತೆ ಯಾರಿಗೂ ಸಿಗಲಿಲ್ಲ.

ಈ ಕತೆಯನ್ನು ನಾನು ಓದಿದ್ದು ಡೇವಿಡ್ ಗ್ರ್ಯಾನ್ ಎಂಬ ಅಮೆರಿಕನ್ ಪತ್ರಕರ್ತ 2009ರಲ್ಲಿ ಬರೆದ ‘ದಿ ಲಾಸ್ಟ್ ಸಿಟಿ ಆಫ್ ಝಡ್’ ಪುಸ್ತಕದಲ್ಲಿ. ಮೊದಲ ಸಲ ಎರಡು ರಾತ್ರಿಯಲ್ಲಿ ಮುಗಿಸಿದೆ. ಕಾಡು, ಹುಳ, ಬಾಣ, ಹಸಿವು ಅಂತ ಪುಟಗಳು ಓಡುತ್ತಿದ್ದವು. ಎರಡನೇ ಸಲ ಒಂದು ನೋಟ್‌ಬುಕ್ ಇಟ್ಟುಕೊಂಡು ಓದಿದೆ. ಯಾರು ಏನು ಹೇಳಿದರು, ಯಾವ ವರ್ಷ ಹೇಳಿದರು ಅಂತ ಬರೆದುಕೊಳ್ಳುತ್ತಾ ಹೋದೆ. ಆಗ ಕಣ್ಣಿಗೆ ಬಿದ್ದ ಒಂದು ವರ್ಷ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಹೊಗೆಯ ಮಾತು 1931ರಲ್ಲೇ ದಾಖಲಾಗಿತ್ತು. ಜನ ಅದನ್ನು ಬಿಟ್ಟು ಬೇರೆ ಎಲ್ಲವನ್ನೂ ನಂಬಿದರು. ನಾನು ಇಲ್ಲಿ ಬಿಡಿಸಿ ನೋಡಬೇಕು ಅಂತಿರುವುದು ಅದನ್ನೇ.

ಮೊದಲು ಈ ಮನುಷ್ಯ ಯಾರು ಅಂತ ತಿಳಿಯಬೇಕು.

ಫಾಸೆಟ್ ಹುಟ್ಟಿದ್ದು 1867ರಲ್ಲಿ, ಇಂಗ್ಲೆಂಡಿನ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ. ಹರೆಯದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಸಿಲೋನಿನ ಟ್ರಿಂಕೋಮಲಿಯಲ್ಲಿದ್ದರು. ನಿಧಿಯ ಸುಳಿವು ಹಿಡಿದು ಕಾಡು ಅಲೆದ ಹುಚ್ಚು ಅಲ್ಲಿಂದಲೇ ಶುರು. ಆಮೇಲೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಸರ್ವೆ ಕಲಿತರು. 1906ರಲ್ಲಿ ಸೊಸೈಟಿ ಅವರನ್ನು ಬೊಲಿವಿಯಾಕ್ಕೆ ಕಳಿಸಿತು. ಆಗ ರಬ್ಬರಿಗೆ ಬಂಗಾರದ ಬೆಲೆ. ಯಾವ ಮರ ಯಾವ ದೇಶದ್ದು ಅಂತ ಜಗಳ. ಬೊಲಿವಿಯಾ ಮತ್ತು ಬ್ರೆಜಿಲ್ ನಡುವಿನ ಗಡಿಯನ್ನು ಅಳೆಯಲು ಎರಡೂ ಕಡೆಗೆ ಸೇರದ ಒಬ್ಬ ಬೇಕಿತ್ತು. ರಬ್ಬರ್ ಕಾಡಿನಲ್ಲಿ ಆದಿವಾಸಿಗಳನ್ನು ಗುಲಾಮರಂತೆ ದುಡಿಸುವುದನ್ನು ಫಾಸೆಟ್ ಕಣ್ಣಾರೆ ಕಂಡರು. ಅದರ ಬಗ್ಗೆ ಕಟುವಾಗಿಯೇ ಬರೆದರು.

ಅವರ ರೀತಿ ಬೇರೆಯವರಿಗಿಂತ ಬೇರೆ. ದೊಡ್ಡ ತಂಡ ಬೇಡ, ನಾಲ್ಕೈದು ಜನ ಸಾಕು. ಕಾಡಿನಲ್ಲಿ ಅಷ್ಟು ಜನಕ್ಕೇ ಊಟ ಸಿಗುವುದು ಕಷ್ಟ. ಬಾಣ ಬಂದರೂ ಗುಂಡು ಹಾರಿಸಬಾರದು. 1910ರಲ್ಲಿ ಹೀತ್ ನದಿಯಲ್ಲಿ ದಡದಿಂದ ಬಾಣಗಳು ಬಂದಾಗ ಅವರು ತಂಡದವನೊಬ್ಬನಿಗೆ ಅಕಾರ್ಡಿಯನ್ ಬಾರಿಸಲು ಹೇಳಿದರು. ಉಳಿದವರು ಹಾಡಿದರು. ಬಾಣಗಳು ನಿಂತವು. ಫಾಸೆಟ್ ದಡಕ್ಕೆ ಹೋಗಿ ಅಲ್ಲಿಯ ಜನರ ಜೊತೆ ಸ್ನೇಹ ಮಾಡಿಕೊಂಡರು. ಆ ಕಾಲದಲ್ಲಿ ಹೀಗೆ ಮಾಡಿದವರು ಕಡಿಮೆ. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಪುಟಗಳಲ್ಲಿ.

ಆದರೆ ಇನ್ನೊಂದು ಮುಖವೂ ಇದೆ. 1911ರಲ್ಲಿ ಅವರ ಜೊತೆ ಜೇಮ್ಸ್ ಮರ್ರೆ ಎಂಬ ಜೀವವಿಜ್ಞಾನಿ ಬಂದರು. ಶ್ಯಾಕಲ್‌ಟನ್ ಜೊತೆ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದವರು. ಹಿಮ ಗೆದ್ದ ಮನುಷ್ಯ ಈ ಕಾಡಿನಲ್ಲಿ ಸೋತು ಹೋದರು. ಮೈಯೊಳಗೆ ಹುಳಗಳಾದವು, ನಡೆಯಲು ಆಗಲಿಲ್ಲ. ಫಾಸೆಟ್‌ಗೆ ಜ್ವರವೂ ಬರುತ್ತಿರಲಿಲ್ಲ, ಬಂದವರ ಮೇಲೆ ತಾಳ್ಮೆಯೂ ಇರಲಿಲ್ಲ. ತನ್ನ ದೇಹ ತಡೆದದ್ದನ್ನು ಎಲ್ಲರ ದೇಹವೂ ತಡೆಯಬೇಕು ಅಂತ ಅವರ ಲೆಕ್ಕ. ಮರ್ರೆ ಹೇಗೋ ಬದುಕಿ ಹೊರಬಂದರು, ಇಬ್ಬರ ನಡುವೆ ದೊಡ್ಡ ಜಗಳವೇ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ. 1925ರಲ್ಲಿ ಕುಂಟುತ್ತಾ ನಡೆದವನು ರ‍್ಯಾಲಿ.

ಈಗ ಆ ನಗರದ ವಿಷಯ. ಫಾಸೆಟ್ ಅದಕ್ಕೆ ಇಟ್ಟ ಹೆಸರು ಬರೀ ‘ಝಡ್’.

ಹುಚ್ಚು ಅಂತ ತಳ್ಳಿಹಾಕುವ ಮೊದಲು ಅವರ ಆಧಾರಗಳನ್ನು ನೋಡೋಣ. ಬೊಲಿವಿಯಾದ ಬಯಲುಗಳಲ್ಲಿ ಎತ್ತರಿಸಿ ಕಟ್ಟಿದ ಹಳೆಯ ದಾರಿಗಳನ್ನು ಅವರು ಕಂಡಿದ್ದರು. ನೆಲ ಕೆದಕಿದರೆ ಮಡಕೆ ಚೂರುಗಳು ಸಿಗುತ್ತಿದ್ದವು. 1542ರಲ್ಲಿ ಒರೆಲ್ಲಾನ ಎಂಬ ಸ್ಪೇನಿನವನು ಅಮೆಜಾನ್ ನದಿಯುದ್ದಕ್ಕೂ ಇಳಿದು ಬಂದಾಗ ಜೊತೆಗಿದ್ದ ಪಾದ್ರಿ ಕಾರ್ವಹಾಲ್ ದಡದ ಮೇಲೆ ಸಾಲು ಸಾಲು ಊರುಗಳಿದ್ದವು ಅಂತ ಬರೆದಿದ್ದ. ರಿಯೊ ಡಿ ಜನೈರೊದ ರಾಷ್ಟ್ರೀಯ ಗ್ರಂಥಾಲಯದಲ್ಲಿ 512ನೇ ಸಂಖ್ಯೆಯ ಒಂದು ಹಸ್ತಪ್ರತಿ ಇದೆ. 1753ರಲ್ಲಿ ಪೋರ್ಚುಗೀಸರ ಒಂದು ತಂಡ ಬಾಹಿಯಾದ ಒಳನಾಡಿನಲ್ಲಿ ಕಲ್ಲಿನ ಕಮಾನು, ವಿಗ್ರಹ, ಬೀದಿಗಳಿರುವ ಪಾಳು ನಗರ ಕಂಡಿತು ಅಂತ ಅದರಲ್ಲಿ ಬರೆದಿದೆ. ಫಾಸೆಟ್ ಅದನ್ನೂ ಓದಿದ್ದರು. ಝಡ್ ಬಾಹಿಯಾದಲ್ಲಿಲ್ಲ, ಶಿಂಗು ನದಿ ಹುಟ್ಟುವ ಮಾಟೊ ಗ್ರೊಸ್ಸೊದಲ್ಲಿದೆ ಅಂತ ಅವರ ಊಹೆ. ಆದರೂ ಕಲ್ಲಿನ ನಗರದ ಚಿತ್ರ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ತಪ್ಪಿದ್ದು ಇಲ್ಲೇ ಅಂತ ನನಗೆ ಅನಿಸುತ್ತದೆ. ಕಾಡಿನೊಳಗೆ ದೊಡ್ಡ ಊರುಗಳಿದ್ದವು ಅನ್ನುವುದು ಅವರ ಕಣ್ಣು ಕಂಡ ಸತ್ಯ. ಅವನ್ನು ಕಟ್ಟಿದವರು ಯಾರು ಅನ್ನುವಾಗ ಕಣ್ಣು ಕೈಕೊಟ್ಟಿತು. ಎದುರಿಗಿದ್ದ ಆದಿವಾಸಿಗಳ ಅಜ್ಜಂದಿರೇ ಕಟ್ಟಿರಬಹುದು ಅಂತ ಅವರಿಗೆ ಒಪ್ಪಲಾಗಲಿಲ್ಲ. ಸಮುದ್ರದಾಚೆಯಿಂದ ಬಂದ ಯಾವುದೋ ಪುರಾತನ ಜನ, ಬಿಳಿ ಚರ್ಮದವರು, ಹೀಗೆಲ್ಲ ಹುಡುಕಿದರು. ಅದೇ ಜನರ ಮೇಲೆ ಗುಂಡು ಹಾರಿಸಲು ನಿರಾಕರಿಸಿದ ಮನುಷ್ಯ ಹೀಗೆ ಯೋಚಿಸಿದ್ದು ಓದುವಾಗ ನೋವಾಗುತ್ತದೆ.

ಮೊದಲ ಮಹಾಯುದ್ಧ ಬಂತು. ಐವತ್ತರ ಹತ್ತಿರದ ಫಾಸೆಟ್ ಫ್ಲ್ಯಾಂಡರ್ಸ್‌ನಲ್ಲಿ ಫಿರಂಗಿಗಳ ಜೊತೆ ಇದ್ದರು. 1920ರಲ್ಲಿ ಮತ್ತೆ ಮಾಟೊ ಗ್ರೊಸ್ಸೊಗೆ ಹೋಗಿ ಸೋತು ವಾಪಸ್ ಬಂದರು. ಕುದುರೆ ಸೋತು ಬಿದ್ದಾಗ ಗುಂಡಿಟ್ಟು ಕೊಲ್ಲಬೇಕಾಯಿತು. ಆ ಜಾಗಕ್ಕೆ ‘ಸತ್ತ ಕುದುರೆಯ ಬಿಡಾರ’ ಅಂತ ಹೆಸರಿಟ್ಟರು.

1925ರ ಜನವರಿಯಲ್ಲಿ ಮೂವರೂ ನ್ಯೂಜೆರ್ಸಿಯ ಹೊಬೊಕೆನ್‌ನಿಂದ ಹಡಗು ಹತ್ತಿದರು. ದುಡ್ಡಿನ ದೊಡ್ಡ ಪಾಲು ಅಮೆರಿಕದ ಪತ್ರಿಕೆಗಳ ಒಂದು ಒಕ್ಕೂಟದ್ದು. ಅಂದರೆ ಈ ಪ್ರಯಾಣ ಶುರುವಾಗುವ ಮೊದಲೇ ಸುದ್ದಿಯಾಗಿತ್ತು, ಕಾಡಿನಿಂದ ಬರುವ ಪ್ರತಿ ಕಾಗದಕ್ಕೂ ಲಕ್ಷಾಂತರ ಓದುಗರು ಕಾಯುತ್ತಿದ್ದರು. ಏಪ್ರಿಲ್ 20ಕ್ಕೆ ಕುಯಾಬಾ ಪಟ್ಟಣ ಬಿಟ್ಟರು. ಇಬ್ಬರು ಬ್ರೆಜಿಲ್‌ನ ಕೆಲಸಗಾರರು, ಎರಡು ಕುದುರೆ, ಎಂಟು ಹೇಸರಗತ್ತೆ, ಎರಡು ನಾಯಿ. ಉಣುಗು ಕಚ್ಚಿ ರ‍್ಯಾಲಿಯ ಕಾಲು ಊದಿಕೊಂಡು ಹುಣ್ಣಾಯಿತು. ಸತ್ತ ಕುದುರೆಯ ಬಿಡಾರದಿಂದ ಕೆಲಸಗಾರರನ್ನು ವಾಪಸ್ ಕಳಿಸಿದರು. ಅವರ ಕೈಯಲ್ಲಿ ಹೆಂಡತಿ ನೀನಾಗೆ ಒಂದು ಕಾಗದ. ದಿನಾಂಕ ಮೇ 29. ಸೋಲಿನ ಭಯ ನಿನಗೆ ಬೇಡ ಅಂತ ಅದರ ಕೊನೆ. ಅದೇ ಕೊನೆಯ ಕಾಗದ.

ಹೊರಡುವ ಮೊದಲೇ ಒಂದು ಮಾತು ಹೇಳಿದ್ದರು: ನಾವು ಬರದಿದ್ದರೆ ಹುಡುಕಲು ಯಾರೂ ಬರಬೇಡಿ, ನನ್ನಿಂದಲೇ ಆಗದಿದ್ದರೆ ಬೇರೆಯವರಿಂದ ಆಗುವುದಿಲ್ಲ. ದಾರಿಯನ್ನೂ ಗುಟ್ಟಾಗಿಟ್ಟಿದ್ದರು. ಇನ್ನೊಬ್ಬ ಮೊದಲು ಹೋಗಿ ಝಡ್ ಕಂಡುಹಿಡಿದುಬಿಟ್ಟರೆ ಅನ್ನುವ ಭಯ. ಬಿಡಾರದ ಜಾಗವೇ ಎರಡು ಕಡೆ ಎರಡು ಥರ ದಾಖಲಾಗಿದೆ. ಒಂದರಲ್ಲಿ ದಕ್ಷಿಣ ಅಕ್ಷಾಂಶ 11 ಡಿಗ್ರಿ 43 ನಿಮಿಷ, ಪತ್ರಿಕಾ ಒಕ್ಕೂಟಕ್ಕೆ ಹೋದ ವರದಿಯಲ್ಲಿ 13 ಡಿಗ್ರಿ 43 ನಿಮಿಷ. ಎರಡು ಡಿಗ್ರಿ ಅಂದರೆ ಸುಮಾರು 220 ಕಿಲೋಮೀಟರ್. ಅಚ್ಚಿನ ತಪ್ಪು ಅಂತ ಕೆಲವರು ಹೇಳುತ್ತಾರೆ. ಬೇಕಂತಲೇ ದಾರಿ ತಪ್ಪಿಸಿದರು ಅನ್ನುವವರೂ ಇದ್ದಾರೆ. ಅವರ ಸ್ವಭಾವ ನೋಡಿದರೆ ನನಗೆ ಎರಡನೆಯದೇ ಸರಿ ಅನಿಸುತ್ತದೆ. ಸ್ವಂತ ಮಗನನ್ನು ಕರೆದುಕೊಂಡು ಹೋಗುವಾಗ ಹೀಗೆ ಮಾಡಬಹುದಾ ಅಂತ ಮಾತ್ರ ಕೇಳಿಕೊಳ್ಳದೆ ಇರಲಾರೆ.

## ಹುಡುಕಲು ಹೋದವರು

ಎರಡು ವರ್ಷ ಸುದ್ದಿ ಇಲ್ಲ. 1928ರಲ್ಲಿ ಜಾರ್ಜ್ ಡೈಯಟ್ ಎಂಬ ಪರಿಶೋಧಕ ದೊಡ್ಡ ತಂಡ ಕಟ್ಟಿಕೊಂಡು, ರೇಡಿಯೊ ಹೊತ್ತುಕೊಂಡು ಹೋದರು. ನಹುಕ್ವಾ ಜನರ ಮುಖಂಡ ಅಲೊಯಿಕೆಯ ಮನೆಯಲ್ಲಿ ಒಂದು ಮಗುವಿನ ಕೊರಳ ದಾರದಲ್ಲಿ ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ಫಾಸೆಟ್‌ಗೆ ಸಾಮಾನು ಒದಗಿಸಿದ ಲಂಡನ್ ಕಂಪನಿಯ ಹೆಸರು ಅದರ ಮೇಲೆ. ಅಷ್ಟು ಸಾಕಾಯಿತು. ಅಲೊಯಿಕೆ ಬೇರೊಂದು ಪಂಗಡದತ್ತ ಬೆರಳು ಮಾಡಿದ, ಡೈಯಟ್‌ಗೆ ಅಲೊಯಿಕೆಯ ಮೇಲೇ ಸಂಶಯ. ಉಡುಗೊರೆ ಕೇಳಿ ಜನ ಮುತ್ತಿಕೊಂಡಾಗ ತಂಡ ರಾತ್ರಿಯಲ್ಲಿ ದೋಣಿ ಹತ್ತಿ ಜಾರಿಕೊಂಡಿತು. ಫಾಸೆಟ್ ಕೊಲೆಯಾದರು ಅಂತ ಡೈಯಟ್ ಲೋಕಕ್ಕೆ ಸಾರಿದರು. ನೀನಾ ನಂಬಲಿಲ್ಲ. ಬಿಲ್ಲೆ ಯಾವ ಸಲದ ಸಾಮಾನಿನದು, ಹೇಗೆ ಕೈ ಸೇರಿತು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಈ ವಿಷಯದಲ್ಲಿ ನೀನಾ ಕೇಳಿದ್ದು ಸರಿಯಾಗಿಯೇ ಇತ್ತು ಅಲ್ವಾ?

1932ರಲ್ಲಿ ಸ್ಟೆಫಾನ್ ರಾಟಿನ್ ಎಂಬ ಸ್ವಿಸ್ ಬೇಟೆಗಾರ ಬಂದ. ಚರ್ಮ ಉಟ್ಟ, ಉದ್ದ ಕೂದಲಿನ ಒಬ್ಬ ಬಿಳಿ ಮುದುಕ ಆದಿವಾಸಿಗಳ ಸೆರೆಯಲ್ಲಿದ್ದಾನೆ, ತಾನು ಇಂಗ್ಲಿಷ್ ಕರ್ನಲ್ ಅಂತ ಹೇಳಿಕೊಂಡ ಅಂದ. ಪತ್ರಿಕೆಗಳು ಹುಚ್ಚೆದ್ದವು. ಮುದುಕನನ್ನು ಕರೆತರಲು ರಾಟಿನ್ ಮತ್ತೆ ಕಾಡಿಗೆ ಹೋದ, ಬರಲಿಲ್ಲ. ಆಲ್ಬರ್ಟ್ ಡಿ ವಿಂಟನ್ ಎಂಬವನು ಒಬ್ಬನೇ ಹೋದ, ಅವನೂ ಬರಲಿಲ್ಲ. ಸತ್ತವರ ಲೆಕ್ಕ ನೂರರವರೆಗೂ ಏರಿಸಿ ಹೇಳುತ್ತಾರೆ. ಆ ಸಂಖ್ಯೆಯನ್ನು ನಾನು ನಂಬುವುದಿಲ್ಲ, ಹೆಸರು ಹಿಡಿದು ಎಣಿಸಿದರೆ ಅಷ್ಟಾಗುವುದಿಲ್ಲ.

ಇವರ ಮಧ್ಯೆ, 1931ರಲ್ಲಿ, ವಿನ್ಸೆಂಜೊ ಪೆಟ್ರುಲ್ಲೊ ಎಂಬ ಮಾನವಶಾಸ್ತ್ರಜ್ಞ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಪರವಾಗಿ ಅದೇ ಪ್ರದೇಶಕ್ಕೆ ಹೋಗಿದ್ದರು. ಫಾಸೆಟ್‌ರನ್ನು ಹುಡುಕಲು ಅಲ್ಲ, ಅಲ್ಲಿನ ಜನರ ಬದುಕನ್ನು ತಿಳಿಯಲು. ಕಲಪಾಲೊ ಜನ ಹೇಳಿದ್ದನ್ನು ಬರೆದುಕೊಂಡರು. ಬಂದರು, ಪೂರ್ವಕ್ಕೆ ಹೋದರು, ಐದು ದಿನ ಹೊಗೆ, ಆಮೇಲೆ ಇಲ್ಲ. ಇಷ್ಟೇ. ಇದರಲ್ಲಿ ಸೆರೆಯ ಕರ್ನಲ್ ಇಲ್ಲ, ಬಿಳಿ ರಾಜ ಇಲ್ಲ, ಬಂಗಾರ ಇಲ್ಲ. ಪತ್ರಿಕೆಗೆ ಮಾರಲು ಏನೂ ಇಲ್ಲ. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಸುಮಾರು ಅರ್ಧ ಶತಮಾನದ ಮೇಲೆ ಎಲೆನ್ ಬಾಸೊ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞೆ ಕಲಪಾಲೊ ಜನರ ಜೊತೆಯೇ ಇದ್ದು, ಅವರ ಭಾಷೆ ಕಲಿತು, ಇದೇ ಕತೆಯನ್ನು ಜಾಸ್ತಿ ವಿವರವಾಗಿ ದಾಖಲಿಸಿದರು. ಗ್ರ್ಯಾನ್ ಅಲ್ಲಿಗೆ ಹೋದದ್ದು ಇನ್ನೂ ಆಮೇಲೆ. ಅವರಿಗೂ ಅದೇ ಹೊಗೆ, ಅದೇ ಐದು ದಿನ.

ಮೂರು ತಲೆಮಾರು ಒಂದೇ ಮಾತು. ಸಾಕ್ಷಿಯನ್ನು ತೂಗುವಾಗ ನಾನು ಮೂರು ವಿಷಯ ನೋಡಿದೆ. ಹೇಳುವವರು ತಾವು ಕಂಡದ್ದನ್ನಷ್ಟೇ ಹೇಳುತ್ತಿದ್ದಾರಾ? ಹೌದು, ಕೊಲೆಯನ್ನು ಕಂಡೆವು ಅಂತ ಅವರು ಹೇಳುವುದಿಲ್ಲ. ಹೊಗೆ ನಿಂತದ್ದನ್ನು ಕಂಡೆವು, ಆ ಕಡೆಯ ಜನ ಕೊಂದಿರಬೇಕು ಅಂತ ತಿಳಿದೆವು ಅನ್ನುತ್ತಾರೆ. ಕಂಡದ್ದು ಬೇರೆ, ಊಹಿಸಿದ್ದು ಬೇರೆ ಅಂತ ಇಟ್ಟಿದ್ದಾರೆ. ಬೇರೆ ಕಡೆಯ ವಿವರಕ್ಕೆ ಹೊಂದುತ್ತದಾ? ಹೊಂದುತ್ತದೆ. ಪೂರ್ವಕ್ಕೆ ಹೋಗುವುದೇ ಫಾಸೆಟ್ ಯೋಜನೆ, ಹುಡುಗರಿಗೆ ಹುಷಾರಿರಲಿಲ್ಲ ಅಂತಲೂ ಕಲಪಾಲೊ ಜನ ಹೇಳುತ್ತಾರೆ, ಅದಕ್ಕೆ ರ‍್ಯಾಲಿಯ ಕಾಲಿನ ಬಗ್ಗೆ ಬರೆದ ಕಾಗದಗಳೇ ಇವೆ. ಸುಳ್ಳು ಹೇಳಿ ಅವರಿಗೆ ಏನಾದರೂ ಲಾಭ ಇತ್ತಾ? ತಮ್ಮ ಮೇಲಿನ ಅಪವಾದ ತಪ್ಪಿಸಿಕೊಳ್ಳಲು ಹೇಳಿರಬಹುದು ಅಂತ ಎದುರುವಾದ ಮಾಡಬಹುದು. ಈ ವಾದವನ್ನು ನಾನು ಸುಮ್ನೆ ಬದಿಗಿಡುವುದಿಲ್ಲ. ಆದರೆ ಕಾಡಿನಲ್ಲಿ ಹಸಿದ ಮೂವರು ಅಪರಿಚಿತರನ್ನು ಮನೆಗೆ ಕರೆದು ಊಟ ಹಾಕಿ, ಅಪಾಯ ಹೇಳಿ, ಹೋದ ಮೇಲೂ ಐದು ಸಂಜೆ ಆ ಕಡೆ ನೋಡುತ್ತಾ ನಿಂತವರ ಮಾತು ಇದು. ರಾಟಿನ್‌ನ ಮುದುಕನಿಗಿಂತ ಇದು ನೂರು ಪಾಲು ನಂಬುವಂಥದ್ದು.

## ಅಜ್ಜನ ಮೂಳೆ

ಕೇಳಿಸಿಕೊಳ್ಳದೆ ಹೋದದ್ದರ ಬೆಲೆಯನ್ನು ಕಲಪಾಲೊ ಜನ ತೆತ್ತರು. 1951ರಲ್ಲಿ ಒರ್ಲಾಂಡೊ ವಿಲ್ಲಾಸ್ ಬೋಆಸ್ ಒಂದು ಸುದ್ದಿ ಕೊಟ್ಟರು. ಕಲಪಾಲೊ ಜನ ಕೊಲೆ ಒಪ್ಪಿಕೊಂಡಿದ್ದಾರೆ, ಮೂಳೆಗಳನ್ನೂ ತೋರಿಸಿದ್ದಾರೆ ಅಂತ. ವಿಲ್ಲಾಸ್ ಬೋಆಸ್ ಸಾಮಾನ್ಯರಲ್ಲ. ಅವರೂ ಅವರ ತಮ್ಮಂದಿರೂ ಹೋರಾಡಿದ್ದರಿಂದಲೇ 1961ರಲ್ಲಿ ಶಿಂಗು ಜನರಿಗೆ ಮೀಸಲು ನೆಲ ಸಿಕ್ಕಿತು. ಅಂಥವರು ಹೇಳಿದ ಮೇಲೆ ಯಾರು ಅನುಮಾನಿಸುತ್ತಾರೆ?

ಮೂಳೆಗಳು ಲಂಡನ್‌ಗೆ ಹೋದವು. ಫಾಸೆಟ್ ಆರಡಿಗಿಂತ ಎತ್ತರ, ಈ ಮೂಳೆಯವನು ಗಿಡ್ಡ. ಮನೆಯಲ್ಲಿ ಉಳಿದಿದ್ದ ಫಾಸೆಟ್‌ರ ಹೆಚ್ಚುವರಿ ಹಲ್ಲಿನ ಸೆಟ್ ಈ ದವಡೆಗೆ ಕೂರಲಿಲ್ಲ. ತಜ್ಞರು ಇದು ಅವರದ್ದಲ್ಲ ಅಂದರು. ಹಾಗಾದರೆ ಯಾರದ್ದು? ಗ್ರ್ಯಾನ್‌ಗೆ ಕಲಪಾಲೊ ಮುಖಂಡ ಹೇಳಿದ ಉತ್ತರ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಅದು ಅವರ ಅಜ್ಜನ ಮೂಳೆ.

ಹೂತಿದ್ದ ಅಜ್ಜನನ್ನು ಅಗೆದು ತೆಗೆದು ಕಡಲಾಚೆಗೆ ಕಳಿಸಿ, ಇವನೇ ನೀವು ಕೊಂದ ಬಿಳಿಯ ಅಂದರು. ಮೂಳೆ ಫಾಸೆಟ್‌ರದ್ದಲ್ಲ ಅಂತ ಗೊತ್ತಾದ ಮೇಲೂ ಕೊಂದವರು ಎಂಬ ಹೆಸರು ಆ ಜನಕ್ಕೆ ಅಂಟಿಕೊಂಡೇ ಇತ್ತು. 1996ರಲ್ಲಿ ಬ್ರೆಜಿಲ್‌ನ ಒಂದು ತಂಡ ಮತ್ತೆ ಫಾಸೆಟ್ ಹುಡುಕಿಕೊಂಡು ಹೋಗಿ ಸೆರೆಯಾಯಿತು. ಸುಮಾರು 30,000 ಡಾಲರ್ ಬೆಲೆಯ ಸಾಮಾನು ಬಿಟ್ಟುಕೊಟ್ಟು ಹೊರಬಂತು. ಸೆರೆ ಹಿಡಿದದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಎಪ್ಪತ್ತು ವರ್ಷ ಅದೇ ಪ್ರಶ್ನೆ ಹಿಡಿದು ಬಂದವರನ್ನು ಕಂಡ ಊರು ಅದು.

ನೀನಾ ಕೊನೆಯವರೆಗೂ ಕಾದರು. 1954ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಇನ್ನೊಬ್ಬ ಮಗ ಬ್ರಯಾನ್ ಅಪ್ಪನ ಬರಹಗಳನ್ನು ಜೋಡಿಸಿ ಪುಸ್ತಕ ಮಾಡಿದ್ದರು.

## ಕಾಲ ಕೆಳಗಿದ್ದ ಊರು

ಕಲಪಾಲೊ ಜನರ ನೆರೆಯವರು ಕುಯಿಕುರೊ. 1990ರ ದಶಕದ ಶುರುವಿನಲ್ಲಿ ಮೈಕಲ್ ಹೆಕೆನ್‌ಬರ್ಗರ್ ಎಂಬ ಅಮೆರಿಕದ ಪುರಾತತ್ವಜ್ಞ ಅವರ ಊರಿಗೆ ಬಂದರು. ಮುಖಂಡ ಅಫುಕಾಕಾ ಅವರನ್ನು ಮನೆಯವರಂತೆ ಇಟ್ಟುಕೊಂಡರು. ಊರವರು ಕರೆದುಕೊಂಡು ಹೋಗಿ ತೋರಿಸಿದ್ದು ಉದ್ದಕ್ಕೂ ಬಳುಕಿ ಹೋಗುವ ಅಗಳು. ಹಳೆಯ ಊರನ್ನು ಸುತ್ತುವರಿದ ಕಂದಕ. ಕೆಲವು ಕಡೆ ಐದು ಮೀಟರ್ ಆಳ. ಅಗಳಿನ ಒಳಗೆ ದುಂಡನೆಯ ಬಯಲು, ಬಯಲಿನಿಂದ ನೆಟ್ಟಗೆ ಹೊರಟ ರಸ್ತೆಗಳು, ಕೆಲವು 50 ಮೀಟರ್‌ವರೆಗೂ ಅಗಲ. ರಸ್ತೆಗಳು ಮುಂದಿನ ಊರಿಗೆ ಸೇರುತ್ತವೆ. ಸೇತುವೆ, ಮೀನಿನ ಕೆರೆ, ಮರಗೆಣಸಿನ ಹೊಲ. ಮನುಷ್ಯ ವಾಸದಿಂದ ಕಪ್ಪಾದ ಫಲವತ್ತಾದ ಮಣ್ಣು. ಅದರ ತುಂಬ ಮಡಕೆ ಚೂರು. ಇಂಥ ಊರುಗಳಲ್ಲಿ ದೊಡ್ಡದೊಂದರ ಹೆಸರು ಕುಹಿಕುಗು. ಕೊಲಂಬಸ್ ಬರುವ ಮೊದಲು ಈ ಪ್ರದೇಶದಲ್ಲಿ ಸುಮಾರು 50,000 ಜನ ಇದ್ದಿರಬಹುದು ಅಂತ ಹೆಕೆನ್‌ಬರ್ಗರ್ ಅಂದಾಜು. ಆಮೇಲೆ ಯುರೋಪಿನಿಂದ ಸಿಡುಬು, ದಡಾರದಂಥ ರೋಗಗಳು ಬಂದವು. ಊರುಗಳು ಬರಿದಾದವು.

ಮನೆಗಳು ಮರದ್ದು, ಹುಲ್ಲಿನದ್ದು. ಕಲ್ಲು ಆ ನೆಲದಲ್ಲಿ ಸಿಗುವುದೇ ಅಪರೂಪ. ಮನೆ ಕರಗಿ ಹೋಗಿ ಮಣ್ಣಿನ ಗುರುತು ಮಾತ್ರ ಉಳಿಯಿತು. ನಮ್ಮ ಮಲೆನಾಡಿನಲ್ಲೂ ಬಿಟ್ಟುಹೋದ ಊರನ್ನು ಗೋಡೆಯಿಂದ ಗುರುತಿಸುವುದಿಲ್ಲ. ಕಾಡಿನ ಮಧ್ಯೆ ಸಾಲಾಗಿ ನಿಂತ ಮಾವು, ಹಲಸು, ಮುಚ್ಚಿಹೋಗುತ್ತಿರುವ ಅಗಳು ನೋಡಿ, ಇಲ್ಲಿ ಮನೆ ಇತ್ತು ಅಂತ ಹಿರಿಯರು ಹೇಳುತ್ತಾರೆ. ಆ ಕಣ್ಣು ಇದ್ದವರಿಗೆ ಕಾಣುವಂಥದ್ದು. ಫಾಸೆಟ್ 1925ರಲ್ಲಿ ಇದೇ ಪ್ರದೇಶ ದಾಟಿದರು. ಅವರು ಹುಡುಕುತ್ತಿದ್ದದ್ದು ಕಮಾನು ಮತ್ತು ಕಂಬ. ಅವರಿಗೆ ಊಟ ಹಾಕಿದವರ ಮನೆಗಳೇ ದುಂಡನೆಯ ಬಯಲಿನ ಸುತ್ತ, ಹಳೆಯ ನಕ್ಷೆಯಲ್ಲೇ ಕಟ್ಟಿದ್ದವು. ಆ ಹಳ್ಳಿಯನ್ನು ಅವರು ನಗರದ ದಾರಿಯಲ್ಲಿ ಸಿಕ್ಕ ಒಂದು ತಂಗುದಾಣ ಅಂತ ನೋಡಿದರು.

ಇದರ ಮೊದಲ ದೊಡ್ಡ ವರದಿ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಲೇಖಕರು ಏಳು ಜನ. ಹೆಕೆನ್‌ಬರ್ಗರ್ ಹೆಸರಿನ ನಂತರ ಎರಡನೆಯದಾಗಿ ಅಫುಕಾಕಾ ಕುಯಿಕುರೊ ಅಂತ ಇದೆ, ಮೂರನೆಯದು ಇನ್ನೊಬ್ಬ ಕುಯಿಕುರೊ. ಹೊಗೆ ಕಂಡದ್ದನ್ನು ಹೇಳಿದ ಕಲಪಾಲೊ ಜನರ ಪಕ್ಕದ ಊರಿನವರು.